ಕಾರು ಹತ್ತುವ ಜಾಗ

ಅವ್ವ ಎಕ್ಸ್-ರೇ ಲಕೋಟೆಯನ್ನು ಮನೆಯಲ್ಲೇ ಮರೆತು ಹೋಗಿದ್ದಳು. ಅದನ್ನು ಹಿಡಿದುಕೊಂಡು ಮಗಳು ಸಂಘಮಿತ್ರ, ಕಾಲೋನಿಯಿಂದ ಊರ ಬೀದಿಗೆ ಓಡಿ ಬರುವ ಹೊತ್ತಿಗೆ, ಮುನಿವೆಂಕಟಪ್ಪನವರ ಕಲ್ಲುಕಂಬದ ಮನೆಯ ಗೇಟಿನ ಮುಂದೆ ಅವ್ವ ಊರುಗೋಲಿಗೆ ಭಾರ ಬಿಟ್ಟು ಬಿಸಿಲಿನಲ್ಲಿ ನಿಂತಿದ್ದಳು. ಮುನಿವೆಂಕಟಪ್ಪನವರ ಹೆಂಡತಿ ಅಮ್ಮಯಮ್ಮ ಗೇಟಿನ ಪಕ್ಕದ ಗ್ರಾನೈಟ್ ಮೆಟ್ಟಿಲಿಗೆ ಬಕೆಟ್ಟಿನಿಂದ ನೀರು ಸುರಿಯುತ್ತಿದ್ದಳು. ಏನಾಯಿತೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಂಡಿ ಆಪರೇಷನ್ ಆಗಿ ಎರಡು ತಿಂಗಳಾಗಿದ್ದ ಅವ್ವ, ಕಾರು ಬರುವ ತನಕ ಕೂತಿರೋಣವೆಂದು ಆ ಮೆಟ್ಟಿಲ ಮೇಲೆ ಕೂತಿದ್ದಳು, ಎಬ್ಬಿಸಿದ್ದರು, ಈಗ ತೊಳೆಯುತ್ತಿದ್ದರು. ಬೈದು ಎಬ್ಬಿಸಿರಲಿಕ್ಕಿಲ್ಲ. ಅಮ್ಮಯಮ್ಮ ಬೈಯುವ ಹೆಂಗಸಲ್ಲ, ಹಬ್ಬಕ್ಕೆ ಒಬ್ಬಟ್ಟನ್ನು ಎಲೆಯಲ್ಲಿ ಸುತ್ತಿ ಗೇಟಿನ ಆಚೆಯಿಂದ ಕೊಟ್ಟು ಕಳಿಸುವ ಹೆಂಗಸು. "ಏನಮ್ಮ ಸಂಗಮಿತ್ರ, ಇವತ್ತು ಆಫೀಸಿಲ್ವಾ?" ಎಂದು ಬಕೆಟ್ಟಿನ ತಳದ ನೀರನ್ನು ಕೊಡವುತ್ತ ನಕ್ಕಳು. ಸಂಘಮಿತ್ರಳ ಬಾಯಿಯಿಂದ ತಾನಾಗಿ ಬಂದದ್ದು ಇಷ್ಟೇ: "ಇಲ್ಲ ಆಂಟಿ, ಮನೇಲೇ ಕೆಲ್ಸ." ಆಂಟಿ! ಕಣ್ಣೆದುರಿಗೆ ತನ್ನ ತಾಯಿ ಕೂತ ಜಾಗವನ್ನು ತೊಳೆಯುತ್ತಿರುವವಳಿಗೆ ಆಂಟಿ. ಆ ನಾಲಿಗೆಯನ್ನು ಕಿತ್ತು ಅದೇ ಒದ್ದೆ ಮೆಟ್ಟಿಲ ಮೇಲೆ ಎಸೆಯಬೇಕೆನ್ನಿಸಿತು.

ಕಾರು ಬಂತು. ಡ್ರೈವರ್ ಬೈರೇಶ್ ಎಂದು ಮೊಬೈಲಿನಲ್ಲಿ ಹೆಸರು ತೋರಿಸುತ್ತಿತ್ತು. ಅಮ್ಮಯಮ್ಮನಿಗೆ ಹೇಳಲಾಗದ್ದನ್ನೆಲ್ಲ ಹೇಳಿಕೊಳ್ಳಲು ಒಬ್ಬ ಸಿಕ್ಕಿದನೆಂಬಂತೆ ಸಂಘಮಿತ್ರ ಅವನ ಕಿಟಕಿಗೆ ಬಗ್ಗಿದಳು. "ಏನ್ರೀ, ಕಾಲೋನಿ ಒಳಗೆ ಬಂದು ಕರ್ಕೊಂಡು ಹೋಗಕ್ಕೆ ನಿಮಗೇನು ಕಷ್ಟ? ಆಪರೇಷನ್ ಆಗಿರೋರು ಇಲ್ಲೀವರೆಗೂ ನಡ್ಕೊಂಡು ಬರ್ಬೇಕಾ?" ಬೈರೇಶ್ ಮೊಬೈಲನ್ನು ಅವಳ ಕಡೆಗೇ ತಿರುಗಿಸಿ ಹಿಡಿದ. "ನೀವೇ ನೋಡಿ ಮೇಡಂ, ಆ್ಯಪಲ್ಲಿ ಪಿನ್ ಇಲ್ಲೇ ಐತೆ. ಪಿನ್ ಎಲ್ಲಿರುತ್ತೋ ಅಲ್ಲಿಗ್ ಬರ್ತೀನಿ. ನಂದೇನ್ ತಪ್ಪು?" "ಫೋನ್ ಮಾಡಿ ಕೇಳ್ಬೋದಿತ್ತಲ್ಲ." "ಒಳಗೆ ಗಾಡಿ ತಿರ್ಗಲ್ಲ ಅಂತಾರಲ್ಲ ಮೇಡಂ." "ಯಾರಂತಾರೆ?" ಅವನು ಯೋಚಿಸಿದ. ಯಾರೂ ಅಂದಿರಲಿಲ್ಲವೆಂದು ಕಾಣುತ್ತದೆ. "ಎಲ್ರೂ ಅಂತಾರೆ," ಎಂದ. ಹಿಂದಿನ ಸೀಟಿನಲ್ಲಿ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದ ಅವ್ವ, "ಬಿಡು ಮಿತ್ರ, ಹೊತ್ತಾಗುತ್ತೆ, ಆಸ್ಪತ್ರೇಲಿ ಚೀಟಿ ಮುಗ್ದೋಯ್ತದೆ," ಎಂದಳು. ಅವ್ವನ ಆ ಸಮಾಧಾನ ಕಂಡು ಸಂಘಮಿತ್ರಳಿಗೆ ಇನ್ನೂ ಸಿಟ್ಟು ಬಂತು. ಅವ್ವನ ಸೀರೆಯ ಹಿಂಭಾಗ ಒದ್ದೆಯಾಗಿತ್ತು. ಏಳುವುದಕ್ಕೂ ಪುರಸೊತ್ತು ಕೊಡದೆ ನೀರು ಹಾಕಿದ್ದರೇನೋ. ಸಂಘಮಿತ್ರ ಎಕ್ಸ್-ರೇ ಲಕೋಟೆಯನ್ನು ಅವ್ವನ ಕೈಗಿಟ್ಟಳು, ಕಾರು ಹೊಸಕೋಟೆಯ ಕಡೆಗೆ ಹೋಯಿತು.

ಗೇಟಿನಿಂದ ಮನೆಗೆ ನಾನೂರು ಮೀಟರ್. ಎಷ್ಟೆಂದು ಅವಳಿಗೆ ಸರಿಯಾಗಿ ಗೊತ್ತು, ಅಳೆಯುವುದೇ ಅವಳ ಕೆಲಸ. ಈ ನಾನೂರು ಮೀಟರಿಗೆ ಸಿಮೆಂಟ್ ರಸ್ತೆ ಹಾಕಿಸುವುದಕ್ಕೆ ಅಪ್ಪ ಕೊಂಡಪ್ಪ ಹನ್ನೊಂದು ವರ್ಷ ಅಲೆದಿದ್ದ. ಪಂಚಾಯಿತಿ, ತಾಲ್ಲೂಕು ಆಫೀಸು, ಶಾಸಕರ ಮನೆಯ ಜಗಲಿ. ರಸ್ತೆಯನ್ನು ಓಡಾಟಕ್ಕೆ ಬಿಟ್ಟ ದಿನ ಒಂದು ಲಾರಿಯನ್ನು ಕಾಲೋನಿಯ ಕೊನೆಯವರೆಗೆ ಓಡಿಸಿ, ಅಲ್ಲಿ ತಿರುಗಿಸಿ, ನೋಡಿ ಎಂದು ಎಲ್ಲರಿಗೂ ತೋರಿಸಿದ್ದ. ಲಾರಿ ತಿರುಗಿದ ಜಾಗದಲ್ಲಿ ಒಂದು ಮಾರುತಿ ಕಾರು ತಿರುಗುವುದಿಲ್ಲವಂತೆ. ಅಪ್ಪ ಸಾಯುವ ಹಿಂದಿನ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಕೇಳಿದ್ದ: "ಕಾರು ಇಲ್ಲಿಗೇ ಬರಲ್ವೇನಮ್ಮ? ರಸ್ತೆ ಐತಲ್ಲ." ಅವಳು ಚಪ್ಪಲಿ ಹಾಕಿಕೊಳ್ಳುತ್ತ, "ಆ್ಯಪಲ್ಲಿ ಇಲ್ಲಿಗೆ ತೋರ್ಸಲ್ಲಪ್ಪ," ಎಂದಿದ್ದಳು. ಆಗ ಅದು ಸುಳ್ಳು. ಅಪ್ಪ ತಲೆಯಾಡಿಸಿದ್ದ. ಮಗಳು ಆ ಆ್ಯಪಿನ ಕಂಪನಿಯಲ್ಲೇ ಎಂಜಿನಿಯರು, ಅವಳಿಗೆ ಗೊತ್ತಿರದೆ ಏನು ಎಂದುಕೊಂಡಿರಬೇಕು. ಬಾಯಿ ಮುಕ್ಕಳಿಸಿ ಒಳಗೆ ಹೋಗಿದ್ದ.

ಮೇಜಿನ ಮುಂದೆ ಕೂತು ಲ್ಯಾಪ್‌ಟಾಪ್ ತೆರೆದಳು. ಕಂಪನಿಯ ಕಾರುಗಳು ದಿನಕ್ಕೆ ಲಕ್ಷಾಂತರ ಜನರನ್ನು ಹೊತ್ತು ತಿರುಗುತ್ತವೆ. ಯಾರು ಎಲ್ಲಿ ನಿಂತು ಹತ್ತಬೇಕು ಎನ್ನುವುದನ್ನು ತೀರ್ಮಾನಿಸುವ ತಂಡದಲ್ಲಿ ಸಂಘಮಿತ್ರ ಹಿರಿಯ ಎಂಜಿನಿಯರು. ನಗರದಲ್ಲಿ ಅದು ಸುಲಭ. ಹಳ್ಳಿಗಳಲ್ಲಿ ಜನ ಕೆರೆಯ ನಡುವೆ, ಹೊಲದ ನಡುವೆ ಎಲ್ಲೆಲ್ಲೋ ಪಿನ್ ಇಟ್ಟುಬಿಡುತ್ತಾರೆ, ಡ್ರೈವರುಗಳು ಸುತ್ತಿ ಸುತ್ತಿ ಬೈಯುತ್ತಾರೆ. ಇದಕ್ಕೆ ಎರಡು ವರ್ಷದ ಹಿಂದೆ ಒಂದು ಉಪಾಯ ಹುಡುಕಿದವಳು ಅವಳೇ. ಒಂದು ಜಾಗದಲ್ಲಿ ಬುಕಿಂಗ್‌ಗಳು ಮತ್ತೆ ಮತ್ತೆ ಕ್ಯಾನ್ಸಲ್ ಆಗಿ, ಹತ್ತಿರದ ಇನ್ನೊಂದು ಜಾಗದಿಂದ ಟ್ರಿಪ್‌ಗಳು ಸಲೀಸಾಗಿ ನಡೆಯುತ್ತಿದ್ದರೆ, ಮೊದಲಿನದು ಕೆಟ್ಟ ಜಾಗ, ಎರಡನೆಯದು ಒಳ್ಳೆಯ ಜಾಗ. ಕೆಟ್ಟ ಜಾಗದಲ್ಲಿ ಯಾರೇ ಪಿನ್ ಇಟ್ಟರೂ ಅದು ಸರಿದು ಒಳ್ಳೆಯ ಜಾಗಕ್ಕೆ ಹೋಗಿ ಕೂರುತ್ತದೆ. ಯಾರೂ ಮಧ್ಯೆ ಕೈ ಹಾಕಬೇಕಾಗಿಲ್ಲ. ಹೊಸಕೋಟೆ ತಾಲ್ಲೂಕಿನಲ್ಲಿ ಪರೀಕ್ಷಿಸಿ ನೋಡಿದರು, ಡ್ರೈವರುಗಳ ದೂರು ಅರ್ಧಕ್ಕೆ ಇಳಿಯಿತು. ಅವಳಿಗೆ ಬಡ್ತಿ ಸಿಕ್ಕಿತು, ಅನುಗೊಂಡನಹಳ್ಳಿಯ ಹೈಸ್ಕೂಲಿನವರು ಕರೆಸಿ ಶಾಲು ಹೊದಿಸಿದರು. ಸೋಮವಾರದಿಂದ ಇದು ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲದ ಎಲ್ಲಾ ಹಳ್ಳಿಗಳಿಗೂ ಹೋಗಲಿದೆ. ಮಧ್ಯಾಹ್ನ ಮೂರು ಗಂಟೆಗೆ ಅದರ ಕೊನೆಯ ಮೀಟಿಂಗ್. ತಂಡದ ಮ್ಯಾನೇಜರ್ ಪ್ರಮೋದಾ ಆಗಲೇ ಮೆಸೇಜ್ ಹಾಕಿದ್ದಳು: ಒಂದು ಹಳ್ಳಿಯ ಉದಾಹರಣೆ ತೋರಿಸು, ನಿನ್ನೂರೇ ಆದರೆ ಇನ್ನೂ ಚೆನ್ನ.

ತೋರಿಸುತ್ತೇನೆ ಎಂದುಕೊಂಡಳು ಸಂಘಮಿತ್ರ. ಕಾಲೋನಿಯೆಂಬ ಒಂದೇ ಕಾರಣಕ್ಕೆ ಎಷ್ಟು ಜನ ಡ್ರೈವರುಗಳು ಕ್ಯಾನ್ಸಲ್ ಮಾಡಿದ್ದಾರೆ, ಯಾವ ಯಾವ ದಿನ, ಎಷ್ಟು ಗಂಟೆಗೆ, ಒಂದೂ ಬಿಡದೆ ತೆಗೆದು ಎಲ್ಲರ ಮುಂದೆ ಇಡುತ್ತೇನೆ. ನಾನು ಮಾಡಿದ ಒಳ್ಳೆಯ ಸಾಧನದೊಳಗೆ ಇವರು ತಮ್ಮ ಹೊಲಸು ತುಂಬಿದ್ದಾರೆ. ಐದು ವರ್ಷದ ಹಿಂದಿನಿಂದ ಕಾಲೋನಿಯ ಒಳಗೆ ಕ್ಯಾನ್ಸಲ್ ಆದ ಬುಕಿಂಗ್‌ಗಳನ್ನೆಲ್ಲ ಕೊಡು ಎಂದು ಬರೆದು ಒತ್ತಿದಳು. ನೂರಾರು ಬರುತ್ತವೆಂದು ಕಾದಳು. ಇಪ್ಪತ್ತೆರಡು ಬಂದವು. ಡ್ರೈವರುಗಳು ಕ್ಯಾನ್ಸಲ್ ಮಾಡಿದ್ದು ಮೂರು, ಅದರಲ್ಲಿ ಒಂದರ ಮುಂದೆ ಟೈರ್ ಪಂಕ್ಚರ್ ಎಂದು ಬರೆದಿತ್ತು. ಉಳಿದ ಹತ್ತೊಂಬತ್ತನ್ನು ಕ್ಯಾನ್ಸಲ್ ಮಾಡಿದವರು ಪ್ರಯಾಣಿಕರು. ಹತ್ತೊಂಬತ್ತೂ ಬೆಳಿಗ್ಗೆ ಎಂಟು ಇಪ್ಪತ್ತರ ಆಸುಪಾಸು. ಪ್ರತಿಯೊಂದರ ನಂತರವೂ ಆರೇಳು ನಿಮಿಷಕ್ಕೆ ನಾನೂರು ಮೀಟರ್ ಆಚೆ, ಕಲ್ಲುಕಂಬದ ಮನೆಯ ಗೇಟಿನಿಂದ ಇನ್ನೊಂದು ಬುಕಿಂಗ್. ಹೋಗಬೇಕಾದ ಜಾಗ ವೈಟ್‌ಫೀಲ್ಡ್, ಕಂಪನಿಯ ಆಫೀಸು. ಪ್ರಯಾಣಿಕರ ಹೆಸರನ್ನು ಈ ಪಟ್ಟಿಯಲ್ಲಿ ಮುಚ್ಚಿರುತ್ತಾರೆ, ಎಂಜಿನಿಯರುಗಳಿಗೂ ಕಾಣುವುದಿಲ್ಲ. ಕಾಣಬೇಕಾಗಿರಲಿಲ್ಲ. ಕಾಲೋನಿಯಿಂದ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಆ ಆಫೀಸಿಗೆ ಹೋಗುವವಳು ಒಬ್ಬಳೇ.

ಅವಳು ಎದ್ದು ನೀರು ಕುಡಿದಳು. ಮತ್ತೆ ಕೂತಳು. ತಲೆ ಬಾಚಿಕೊಳ್ಳುತ್ತ ಮನೆಯೊಳಗಿಂದಲೇ ಬುಕ್ ಮಾಡುತ್ತಿದ್ದ ದಿನಗಳು. ಡ್ರೈವರು ಫೋನು ಮಾಡಿ, "ಕಾಲೋನಿ ಒಳಗೆ ಬರ್ಬೇಕಾ ಮೇಡಂ?" ಎನ್ನುತ್ತಿದ್ದ. ಬರುವುದಿಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ. ಬರಬೇಕಾ ಎಂದಷ್ಟೇ ಕೇಳುತ್ತಿದ್ದರು. ಕಾಲೋನಿ ಎಂಬ ಶಬ್ದವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೊಡನೆ ಅವಳ ಬೆನ್ನು ಬಿಗಿಯಾಗುತ್ತಿತ್ತು. ಫೋನಿಟ್ಟು, ಕ್ಯಾನ್ಸಲ್ ಮಾಡಿ, ಸಿಮೆಂಟ್ ರಸ್ತೆಯಲ್ಲಿ ಬೇಗ ಬೇಗ ನಡೆದು, ಕಲ್ಲುಕಂಬದ ಮನೆಯ ಮುಂದೆ ನಿಂತು ಹೊಸದಾಗಿ ಬುಕ್ ಮಾಡುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು, ನಡೆದು ಹೋಗಿಯೇ ಬುಕ್ ಮಾಡತೊಡಗಿದಳು. ಆ ಗೇಟಿನಿಂದ ಹೊರಟ ಟ್ರಿಪ್‌ಗಳನ್ನು ತೆಗೆದು ನೋಡಿದಳು: ಸಾವಿರದ ನೂರಕ್ಕೂ ಹೆಚ್ಚು, ಒಂದೂ ತಪ್ಪಿಲ್ಲದೆ, ಒಂದೂ ದೂರಿಲ್ಲದೆ, ಹೆಚ್ಚುಕಮ್ಮಿ ಎಲ್ಲವೂ ವೈಟ್‌ಫೀಲ್ಡಿಗೆ. ಕಾಲೋನಿ ಕೆಟ್ಟ ಜಾಗ, ಗೇಟು ಒಳ್ಳೆಯ ಜಾಗ ಎಂದು ಯಂತ್ರಕ್ಕೆ ದಿನದಿನವೂ ಹೇಳಿಕೊಟ್ಟವರು ಬೈರೇಶನಲ್ಲ, ಮುನಿವೆಂಕಟಪ್ಪನವರಲ್ಲ. ಯಂತ್ರ ಬಹಳ ವಿಧೇಯವಾಗಿ ಕಲಿತುಕೊಂಡಿತ್ತು. ಕಳೆದ ಆಷಾಢದಲ್ಲಿ ಪಕ್ಕದ ಮನೆಯ ಮುತ್ತಮ್ಮನ ಸೊಸೆ, ದಿನ ತುಂಬಿದ ಹೊಟ್ಟೆ ಹೊತ್ತುಕೊಂಡು, ಅತ್ತೆಯ ಹೆಗಲು ಹಿಡಿದು ಇದೇ ನಾನೂರು ಮೀಟರ್ ನಡೆದಿದ್ದಳು. ನಡುವೆ ಎರಡು ಕಡೆ ನೋವಿಗೆ ನೆಲಕ್ಕೆ ಕೂತಿದ್ದಳು. ಸಂಘಮಿತ್ರ ಕಿಟಕಿಯಿಂದ ನೋಡಿ, ಈ ಡ್ರೈವರುಗಳಿಗೆ ಮನುಷ್ಯತ್ವವೇ ಇಲ್ಲ ಎಂದು ಬೈದು, ಮತ್ತೆ ಕೆಲಸಕ್ಕೆ ಕೂತಿದ್ದಳು.

ಸಿಟ್ಟು ಈಗ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೈಯೊಳಗೇ ಸುತ್ತತೊಡಗಿತು. ಪ್ರಮೋದಾಳ ಮೇಲೆ ಹೋಯಿತು. ಎಲ್ಲಾ ಅವಳಿಂದಲೇ ಅಲ್ಲವೆ ಶುರುವಾದದ್ದು? ಕೆಲಸಕ್ಕೆ ಸೇರಿದ ಮೊದಲ ದಿನ, ಪ್ರಮೋದಾ ಆಗ ಹೊಸಕೋಟೆಯಲ್ಲಿದ್ದಳು, ದಾರಿಯಲ್ಲೇ ಬರುತ್ತೇನೆ, ಎಲ್ಲಿ ನಿಲ್ಲಿಸಲಿ ಎಂದಿದ್ದಳು. ಸಂಘಮಿತ್ರ ಕಲ್ಲುಕಂಬದ ಮನೆ ಎಂದು ಹೇಳಿ ಗೇಟಿನ ಮುಂದೆ ಹೋಗಿ ನಿಂತಿದ್ದಳು. ಕಾರಿನ ಗಾಜು ಇಳಿಸಿ ಪ್ರಮೋದಾ ಆ ಮನೆಯನ್ನು ಕೆಳಗಿಂದ ಮೇಲಿನವರೆಗೆ ನೋಡಿ, "ವಾವ್, ನಿಮ್ಮನೆ ಎಷ್ಟ್ ಚೆನ್ನಾಗಿದೆ! ಕಂಬ ಎಲ್ಲಾ ಹಳೇ ಕಲ್ಲಾ?" ಎಂದಿದ್ದಳು. ಅಲ್ಲ ಎನ್ನುವುದಕ್ಕೆ ಅರ್ಧ ಕ್ಷಣ ಸಾಕಾಗಿತ್ತು. ಸಂಘಮಿತ್ರ ಮನೆಯ ಕಡೆ ಕೈ ತೋರಿಸಿ, "ಹ್ಞೂಂ, ಸಿರಾದಿಂದ ತಂದಿದ್ದು," ಎಂದುಬಿಟ್ಟಿದ್ದಳು. ಆ ಕಂಬಗಳು ಎಲ್ಲಿಂದ ಬಂದವೋ ಅವಳಿಗೇನು ಗೊತ್ತು. ಆ ಕಂಬಗಳನ್ನು ಹತ್ತಿರದಿಂದ ಮುಟ್ಟಿ ಕೂಡ ನೋಡಿದವಳಲ್ಲ. ಅಂದಿನಿಂದ ಐದು ವರ್ಷ, ಪ್ರಮೋದಾ ಮನೆಗೆ ಕರೆಯುವುದಿಲ್ಲವೇ ಎಂದಾಗೆಲ್ಲ ಒಂದು ನೆಪ. ಅಪ್ಪ ಸತ್ತಾಗ ತಂಡದವರೆಲ್ಲ ಬರುತ್ತೇವೆಂದು ಹೊರಟಿದ್ದರು; ದಯವಿಟ್ಟು ಬೇಡ, ಮನೆಯಲ್ಲಿ ಎಲ್ಲರೂ ತುಂಬಾ ನೊಂದಿದ್ದಾರೆ ಎಂದು ಬರೆದಿದ್ದಳು. ಅಪ್ಪನ ಸಾವಿಗೂ ಒಂದು ನೆಪ. ಸಂಘಮಿತ್ರ ಎಂದು ಹುಡುಕಿ ಹೆಸರಿಟ್ಟವನ ಸಾವಿಗೆ.

ಈಗ ಎರಡು ದಾರಿಗಳಿದ್ದವು, ಒಂದು ಬಹಳ ಸಲೀಸು. ಅವಳಿಗಿರುವ ಅಧಿಕಾರದಲ್ಲಿ ತನ್ನ ಮನೆಯೊಂದಕ್ಕೆ ಕೈಯಾರೆ ಪಿನ್ ನೆಡಬಹುದು. ಹತ್ತು ನಿಮಿಷದ ಕೆಲಸ, ಯಾರೂ ಏನೂ ಕೇಳುವುದಿಲ್ಲ, ನಾಡಿದ್ದಿನಿಂದ ಅವ್ವನ ಬಾಗಿಲಿಗೆ ಕಾರು. ಆದರೆ ಸೋಮವಾರ ಇದೇ ಯಂತ್ರ ಇನ್ನೂ ಮೂರು ತಾಲ್ಲೂಕುಗಳಿಗೆ ಹೋಗುತ್ತದೆ. ಅಲ್ಲಿನ ಕಾಲೋನಿಗಳಲ್ಲೂ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಫೋನಿಟ್ಟು ಬೇಗ ಬೇಗ ನಡೆಯುವ ಹುಡುಗಿಯರು ಇದ್ದೇ ಇರುತ್ತಾರೆ. ಅದನ್ನು ತಡೆಯಬೇಕಾದರೆ ಕಾರಣ ಹೇಳಬೇಕು. ಹತ್ತೊಂಬತ್ತು ಕ್ಯಾನ್ಸಲ್‌ಗಳು ಯಾರವು, ಯಾಕೆ ಎಂದು ಹೇಳಬೇಕು. ಆ ಮನೆ ನನ್ನದಲ್ಲ ಎಂದು ಹೇಳಬೇಕು. ಅವಳು ಮೂರು ಗಂಟೆಯವರೆಗೆ ಊಟ ಮಾಡಲಿಲ್ಲ.

ಮೀಟಿಂಗಿನಲ್ಲಿ ಹನ್ನೆರಡು ಮುಖಗಳಿದ್ದವು. ಅವಳು ಬಾಯಿ ತೆರೆಯುವ ಮೊದಲೇ ಪ್ರಮೋದಾ ನಕ್ಷೆಯನ್ನು ಪರದೆಗೆ ಹಾಕಿದ್ದಳು. "ಸಂಘಮಿತ್ರನ ಊರನ್ನೇ ತಗೊಂಡಿದೀನಿ. ಇಲ್ಲಿ ನೋಡಿ, ಇಡೀ ಹಳ್ಳಿಗೆ ಒಂದೇ ಜಾಗ, ಎಷ್ಟ್ ಕ್ಲೀನಾಗಿ ಬಂದಿದೆ! ತಮಾಷೆ ಏನ್ ಗೊತ್ತಾ? ಇದು ಸರಿಯಾಗಿ ಅವಳ ಮನೆ ಗೇಟೇ." ಎಲ್ಲರೂ ನಕ್ಕರು. ಒಬ್ಬ, ಎಂಜಿನಿಯರಿಗೆ ಇಷ್ಟಾದರೂ ಸೌಲಭ್ಯ ಬೇಡವೇ ಎಂದ. ಇನ್ನೂ ನಕ್ಕರು.

"ಅದು ನನ್ ಮನೆ ಅಲ್ಲ," ಎಂದಳು ಸಂಘಮಿತ್ರ.

"ಅಂದ್ರೆ? ಕಲ್ಲುಕಂಬದ್ದು?"

"ಅದು ಮುನಿವೆಂಕಟಪ್ಪ ಅನ್ನೋರ ಮನೆ. ಆ ಗೇಟೊಳಗೆ ನಾನು ಒಂದಿನಾನೂ ಕಾಲಿಟ್ಟಿಲ್ಲ. ನನ್ ಮನೆ ಕಾಲೋನೀಲಿದೆ. ಎಸ್‌ಸಿ ಕಾಲೋನಿ." ಆ ಮಾತು ಬಾಯಿಂದ ಹೊರಬೀಳುವಾಗ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆನೆಂದು ನಿಲ್ಲಿಸದೆ ಹೇಳಿದಳು. ಹತ್ತೊಂಬತ್ತು ಸಲ ಕ್ಯಾನ್ಸಲ್ ಮಾಡಿದವಳು ತಾನು ಎಂದಳು. ಯಾಕೆಂದರೆ ನಾಚಿಕೆ ಎಂದಳು. ಆ ನಾಚಿಕೆಯನ್ನು ಯಂತ್ರ ರಸ್ತೆ ಸರಿಯಿಲ್ಲ ಎಂದು ಓದಿಕೊಂಡಿದೆ, ಅರವತ್ತು ಮನೆಗಳ ಜನ ಎರಡು ವರ್ಷದಿಂದ ನಡೆಯುತ್ತಿದ್ದಾರೆ, ಇವತ್ತು ನನ್ನ ತಾಯಿ ಕೂತ ಮೆಟ್ಟಿಲನ್ನು ನನ್ನೆದುರಿಗೇ ತೊಳೆದರು ಎಂದಳು. ಹನ್ನೆರಡು ಮುಖಗಳಲ್ಲಿ ನಾಲ್ಕೈದು ಕ್ಯಾಮೆರಾ ಆಫ್ ಮಾಡಿಕೊಂಡವು. ಯಾರೋ ಕೆಮ್ಮಿದರು. ಪ್ರಮೋದಾ, ಇದನ್ನು ನಾವಿಬ್ಬರೇ ಮಾತಾಡೋಣ ಎಂದು ಮೀಟಿಂಗ್ ಮುಗಿಸಿದಳು.

ಐದು ನಿಮಿಷಕ್ಕೆ ಫೋನು ಬಂತು. "ಐ ಆಮ್ ಸಾರಿ, ನಂಗೊತ್ತಿರ್ಲಿಲ್ಲ. ಐದ್ ವರ್ಷದಲ್ಲಿ ಒಂದ್ಸಲ ಹೇಳ್ಬೋದಿತ್ತಲ್ಲ? ನಾನೇನ್ ಹಾಗೆಲ್ಲ ನೋಡೋಳಾ?" ಪ್ರಮೋದಾಳ ದನಿಯಲ್ಲಿ ನಿಜವಾದ ನೋವಿತ್ತು, ಮೋಸ ಹೋದವರ ನೋವು. ಅದನ್ನು ಕೂಡ ತಾನೇ ಸಮಾಧಾನ ಮಾಡಬೇಕೇನೋ ಎನ್ನಿಸಿ ಸಂಘಮಿತ್ರಳಿಗೆ ಕಿವಿ ಕಾದವು. "ನೋಡು, ನಿಮ್ಮನೆಗೆ ಇವತ್ತೇ ಪಿನ್ ಹಾಕ್ಸ್ತೀನಿ. ಆದ್ರೆ ಸೋಮವಾರದ್ದನ್ನ ನಿಲ್ಸಕ್ಕಾಗಲ್ಲ ಕಣೇ. ಮೇಲಿನವರಿಗೆ ಮಾತು ಕೊಟ್ಟಿದೀವಿ. ಜಾತಿ ಗೀತಿ ಎಲ್ಲಾ ಇದರೊಳಗೆ ತರಬೇಡ. ಕೋಡ್‌ಗೆ ಜಾತಿ ಗೊತ್ತಿಲ್ಲ."

"ಬರೆದೋಳಿಗೆ ಗೊತ್ತಿತ್ತು."

"ನಿನ್ನ ಸಿಟ್ಟು ನಂಗರ್ಥ ಆಗುತ್ತೆ."

"ಆಗಲ್ಲ ಪ್ರಮೋದಾ. ಅದು ನನ್ನ ಹೆಸರಲ್ಲಿರೋ ಕೆಲಸ, ವಾಪಸ್ ತಗೋಳೋ ಹಕ್ಕು ನಂಗಿದೆ. ತಗೊಂಡಿದೀನಿ. ಕಾರಣಾನೂ ಬರ್ದಿದೀನಿ, ಎಲ್ರೂ ಓದ್ಕೊಳ್ಲಿ."

ಪ್ರಮೋದಾ, "ಇದರಿಂದ ನಿನ್ ಕೆಲಸಕ್ಕೆ ಏನಾಗುತ್ತೆ ಅಂತ ಯೋಚನೆ ಮಾಡಿದೀಯಾ?" ಎಂದಳು. ಬೆದರಿಕೆಯೋ ಕಾಳಜಿಯೋ ತಿಳಿಯಲಿಲ್ಲ. ಸಂಘಮಿತ್ರ ಫೋನಿಟ್ಟಳು. ಹಗುರಾಗಬೇಕಿತ್ತು, ಆಗಲಿಲ್ಲ. ಎಲ್ಲರಿಗೂ ಹೇಳಿಯಾಯಿತು, ಹೇಳಬೇಕಾದವಳಿಗೆ ಹೇಳಿಲ್ಲ. ಅವ್ವನಿಗೆ ಹೇಗೆ ಹೇಳುವುದು? ಈ ಪಿನ್ನು, ಈ ಕ್ಯಾನ್ಸಲ್ಲು ಅವಳಿಗೇನು ಅರ್ಥವಾದೀತು. ಆ್ಯಪಿನ ತಪ್ಪು, ಸರಿ ಮಾಡಿದೆ ಎಂದರೆ ಸಾಕು. ಅವ್ವ ಹೆಮ್ಮೆಯಿಂದ ಮುತ್ತಮ್ಮನಿಗೆ ಹೇಳಿಕೊಂಡು ಬರುತ್ತಾಳೆ.

ಐದು ಗಂಟೆಗೆ ಅವ್ವ ಬಂದಳು. ಗೇಟಿನ ಹತ್ತಿರವೇ ಇಳಿಸಿದ್ದರು, ಅಲ್ಲಿಂದ ನಡೆದು ಬಂದಿದ್ದಳು. ಗೋಡೆ ಹಿಡಿದು ಮಂಚದ ಮೇಲೆ ಕೂತು ಮಂಡಿ ನೀವಿಕೊಂಡಳು. ಸಂಘಮಿತ್ರ ಕಾಫಿ ತಂದು ಕೊಟ್ಟು ಎದುರಿಗೆ ನೆಲದ ಮೇಲೆ ಕೂತಳು.

"ಅವ್ವ, ನಾಡಿದ್ದಿಂದ ಕಾರು ಬಾಗ್ಲಿಗೇ ಬರುತ್ತೆ. ಅದೊಂದು ತಪ್ಪಾಗಿತ್ತು. ಸರಿ ಮಾಡ್ದೆ." ಸ್ವಲ್ಪ ತಡೆದು, "ತಪ್ಪು ನಂದೇ," ಎಂದಳು.

ಅವ್ವ ಕಾಫಿಯನ್ನು ಎರಡು ಗುಟುಕು ಕುಡಿದಳು. "ಗೊತ್ತು ಕಣಮ್ಮ," ಎಂದಳು.

"ಏನ್ ಗೊತ್ತು?"

"ನೀನು ಫಸ್ಟ್ ದಿನ ಕೆಲ್ಸಕ್ಕೋಗಿದ್ದಲ್ಲ, ಅವತ್ತು ನಾನು ಡೈರಿಗೆ ಹಾಲಾಕಿ ಬರ್ತಿದ್ದೆ. ಆ ಹುಡುಗಿ ಕಾರಲ್ಲಿ ಕೂತಿತ್ತು. ನೀನು ಅಮ್ಮಯಮ್ಮನೋರ ಮನೆ ಕಡೆ ಕೈ ತೋರಿಸ್ಕೊಂಡು ಏನೋ ಅಂತಿದ್ದೆ, ನಗ್ತಿದ್ದೆ. ನಾನು ಕ್ಯಾನು ಹಿಡ್ಕೊಂಡು ಹುಣಸೆಮರದ ಹಿಂದಕ್ಕೆ ಸರ್ಕೊಂಡೆ. ಆ ಹುಡುಗಿ ನನ್ನ ನೋಡಿ ಇವ್ರು ಯಾರು ಅಂತ ಕೇಳ್ಬಿಟ್ರೆ, ಪಾಪ, ನೀನೇನಂತ ಹೇಳ್ತೀಯಾ?" ಅವ್ವನ ದನಿಯಲ್ಲಿ ದೂರಿರಲಿಲ್ಲ. ಯಾವುದೋ ಒಂದು ದಿನ ಹಾಲಿನ ರೇಟು ಎಷ್ಟಿತ್ತೆಂದು ಹೇಳುವ ದನಿ. "ಅವತ್ತಿಂದ ನೀನು ಹೊರಡೋ ಹೊತ್ತಲ್ಲಿ ನಾನು ಆಚೆ ಬರ್ತಿರ್ಲಿಲ್ಲ. ನಿಮ್ಮಪ್ಪನ್ಗೂ ಹೇಳ್ಲಿಲ್ಲ."

ಬೆಳಗಿನಿಂದ ಒಬ್ಬೊಬ್ಬರ ಮೇಲೂ ಹೋಗಿ ಬಂದ ಸಿಟ್ಟು ಎಲ್ಲಿ ಹೋಯಿತೆಂದು ಸಂಘಮಿತ್ರ ಹುಡುಕಿದಳು, ಈಗ ಬೇಕಾಗಿತ್ತು, ಅದು ಇರಲಿಲ್ಲ.

ಅವ್ವ ಲೋಟವನ್ನು ಕೆಳಗಿಟ್ಟು, ಮಂಡಿಯನ್ನು ಮೆಲ್ಲಗೆ ಒಂದು ಸಲ ಮಡಿಸಿ ಬಿಡಿಸಿ ನೋಡಿಕೊಂಡಳು.

"ಇನ್ನು ನಿನ್ ಕಾರೂ ಇಲ್ಲಿಗೇ ಬರುತ್ತಾ?" ಎಂದು ಕೇಳಿದಳು. "ಹಂಗಾರೆ ನೀನು ಹೋಗೋವಾಗ ನಾನು ಬಾಗ್ಲಲ್ಲಿ ನಿಂತ್ಕೋಬೋದಾ?"